ಹನ್ನೊಂದು ಜನ ಸಿಗದ ಶಾಲೆ

ಲೀಡ್ಸ್, ನವೆಂಬರ್ 2025

ಪ್ರೀತಿಯ ಕೂಸೇ,

ಮೊನ್ನೆ ನಿನ್ನ ಅಮ್ಮ ಫೋನು ಮಾಡಿದ್ದಳು. ಹೊಸ ಶಾಲೆಯಲ್ಲಿ ಕೊನೆಯ ಗಂಟೆ ಹೊಡೆದದ್ದೇ ತಡ, ನೀನು ಬ್ಯಾಗು ಹೆಗಲಿಗೇರಿಸಿ ನೇರ ಮನೆಗೆ ಬರುತ್ತೀಯಂತೆ. ನಾಟಕವಿಲ್ಲ, ವಾದ್ಯವಿಲ್ಲ, ಆಟವೂ ಇಲ್ಲ. ಯಾಕೆ ಎಂದರೆ, "ಅಲ್ಲಿ ನನ್ನ ಅಗತ್ಯ ಯಾರಿಗೂ ಇಲ್ಲ" ಅಂದೆಯಂತೆ. ಅಮ್ಮ ಇದನ್ನು ಮುನಿಸು ಅಂದುಕೊಂಡಿದ್ದಾಳೆ. ನನಗೇನೋ ಇದು ತೀರಾ ಲೆಕ್ಕಾಚಾರದ ಮಾತು ಅನ್ನಿಸಿತು. ಫೋನಿನಲ್ಲಿ ಉಪದೇಶ ಬಿಗಿಯಲು ಮನಸ್ಸಾಗದೆ ಕಾಗದ ಹಿಡಿದು ಕೂತಿದ್ದೇನೆ. ಕನ್ನಡ ಓದುವುದು ನಿನಗೆ ನಿಧಾನ. ಅವಸರವಿಲ್ಲ, ಎರಡು ಮೂರು ದಿನ ತಗೋ.

ನಿನ್ನ ಹಳೆಯ ಫುಲ್ನೆಕ್ ಶಾಲೆ ಜುಲೈನಲ್ಲಿ ಬಾಗಿಲು ಹಾಕಿದ ಮೇಲೆ ನಾನು ಒಂದು ಸಂಜೆ ಆ ಕಡೆ ನಡೆದುಕೊಂಡು ಹೋಗಿದ್ದೆ. ಲೀಡ್ಸಿನ ಪಕ್ಕದ ಪಡ್ಸಿ ಊರಿನ ಗುಡ್ಡದಂಚಿನಲ್ಲಿ ಆ ಕಲ್ಲಿನ ಕಟ್ಟಡಗಳ ಉದ್ದ ಸಾಲು, ಕೆಳಗೆ ಕಣಿವೆ. ನೀನು ಅಲ್ಲಿ ಓದುತ್ತಿದ್ದಾಗ ಆ ಶಾಲೆಯ ಕಥೆಯನ್ನೆಲ್ಲ ಹೇಳಿದರೆ "ಗೊತ್ತು ಅಜ್ಜಾ" ಎಂದು ತಪ್ಪಿಸಿಕೊಳ್ಳುತ್ತಿದ್ದೆ. ಈಗ ಕಾಗದದಲ್ಲಿ ತಪ್ಪಿಸಿಕೊಳ್ಳಲಾರೆ. 1744ರಲ್ಲಿ ಮೊರಾವಿಯನ್ ಎಂಬ ಸಣ್ಣ ಕ್ರೈಸ್ತ ಪಂಗಡದವರು ಅಲ್ಲಿ ನೆಲೆಯೂರಿದರು. ಈಗಿನ ಜೆಕ್ ದೇಶದಲ್ಲಿ ಅವರ ಮೂಲ. ಅಲ್ಲಿಯ ಫುಲ್ನೆಕ್ ಎಂಬ ಊರಿನ ಹೆಸರನ್ನೇ ಇಲ್ಲಿಗೂ ತಂದರು. 1753ರಲ್ಲಿ ಶಾಲೆ ತೆರೆದರು. ನಮ್ಮ ಕಡೆ ಟಿಪ್ಪು ಸುಲ್ತಾನ್ ಆಗ ತೊದಲು ಮಾತಾಡುವ ಮಗು. ಲೀಡ್ಸಿನ ಹೊಗೆಯ ಕಾರ್ಖಾನೆಗಳು ಇನ್ನೂ ಎದ್ದಿರಲಿಲ್ಲ.

ಅಷ್ಟು ಪುಟ್ಟ ನೆಲೆಯಿಂದ ಎಂಥೆಂಥ ಜನ ಹೊರಟರು ನೋಡು. ಅಮೆರಿಕದ ಸಂಸತ್ ಭವನಕ್ಕೆ ರೂಪ ಕೊಟ್ಟವರಲ್ಲಿ ಒಬ್ಬನಾದ ಬೆಂಜಮಿನ್ ಲಟ್ರೋಬ್ ಹುಟ್ಟಿದ್ದು ಅಲ್ಲಿ, 1764ರಲ್ಲಿ. ಬ್ರಿಟನ್ನಿನ ಪ್ರಧಾನಿಯಾದ ಆಸ್ಕ್ವಿತ್ ಅಲ್ಲಿ ಓದಿದವರು, ನಟಿ ಡಯಾನಾ ರಿಗ್ ಕೂಡ. ನನಗೆ ಮೆಚ್ಚುಗೆ ರಿಚರ್ಡ್ ಓಸ್ಲರ್ ಎಂಬ ಹಳೆಯ ವಿದ್ಯಾರ್ಥಿಯ ಮೇಲೆ. ಬ್ರಾಡ್‌ಫರ್ಡಿನ ಉಣ್ಣೆ ಮಿಲ್ಲುಗಳಲ್ಲಿ ಚಿಕ್ಕ ಮಕ್ಕಳನ್ನು ದಿನವಿಡೀ ದುಡಿಸುವುದನ್ನು ಕೇಳಿ ತಿಳಿದು, 1830ರಲ್ಲಿ 'ಲೀಡ್ಸ್ ಮರ್ಕ್ಯುರಿ' ಪತ್ರಿಕೆಗೆ ಆತ ಬರೆದ ಒಂದು ಪತ್ರ ಊರಿಗೆ ಊರನ್ನೇ ಎಬ್ಬಿಸಿತು. ಮಕ್ಕಳಿಗೆ ದಿನಕ್ಕೆ ಹತ್ತೇ ಗಂಟೆ ಕೆಲಸ ಎಂಬ ಕಾನೂನಿಗಾಗಿ ಆಮೇಲೆ ವರ್ಷಗಟ್ಟಲೆ ಬಡಿದಾಡಿದ. ಇನ್ನು ಲೆನ್ ಹಟನ್ ಆ ಶಾಲೆಯಲ್ಲಿ ಓದಿದವನಲ್ಲ, ಹುಟ್ಟಿದ್ದು ಮಾತ್ರ ಅದೇ ಫುಲ್ನೆಕ್ಕಿನಲ್ಲಿ. 1938ರಲ್ಲಿ ಓವಲ್ ಮೈದಾನದಲ್ಲಿ ಆಸ್ಟ್ರೇಲಿಯಾದ ವಿರುದ್ಧ 364 ಹೊಡೆದ ಆ ಹಟನ್ನನ ಊರಿನ ಶಾಲೆಯಲ್ಲಿ ನಿಮ್ಮ ಹುಡುಗಿಯರ ಕ್ರಿಕೆಟ್ಟಿಗೆ ಹನ್ನೊಂದು ಜನ ಹೊಂದಿಸುವುದೇ ಪಾಡಾಗುತ್ತಿತ್ತಲ್ಲ! ಮೂರು ತರಗತಿಗಳನ್ನು ಜಾಲಾಡಿ, ಬ್ಯಾಟು ಯಾವ ಕಡೆಯಿಂದ ಹಿಡಿಯುವುದೆಂದು ತಿಳಿಯದ ನಿನ್ನನ್ನೂ ಎಳೆದು ನಿಲ್ಲಿಸಿದ್ದರು. ನೀನು ಬಯ್ದುಕೊಂಡೇ ಹೋದೆ. ಎರಡನೆಯ ವರ್ಷಕ್ಕೆ ಲಾಂಗ್ ಲೆಗ್ಗಿನಲ್ಲಿ ಕ್ಯಾಚು ಹಿಡಿದು ಮನೆಗೆ ಬಂದು ರಾತ್ರಿಯೆಲ್ಲ ಅದರದೇ ಮಾತು.

ಆ ಕ್ಯಾಚಿನ ಹಿಂದೆ ಒಂದು ಶಾಸ್ತ್ರವಿದೆ. 1964ರಲ್ಲಿ ರೋಜರ್ ಬಾರ್ಕರ್, ಪಾಲ್ ಗಂಪ್ ಎಂಬ ಇಬ್ಬರು ಅಮೆರಿಕನ್ ಮನಶ್ಶಾಸ್ತ್ರಜ್ಞರು 'ಬಿಗ್ ಸ್ಕೂಲ್, ಸ್ಮಾಲ್ ಸ್ಕೂಲ್' ಎಂಬ ಪುಸ್ತಕ ತಂದರು. ಕ್ಯಾನ್ಸಸ್ ರಾಜ್ಯದ ಪ್ರೌಢಶಾಲೆಗಳನ್ನು, ಕೆಲವೇ ಡಜನ್ ಮಕ್ಕಳಿದ್ದವುಗಳಿಂದ ಹಿಡಿದು ಎರಡು ಸಾವಿರಕ್ಕೂ ಮಿಕ್ಕಿ ಮಕ್ಕಳಿದ್ದವುಗಳವರೆಗೆ, ಕೂತು ನೋಡಿ ಬರೆದದ್ದು. ದೊಡ್ಡ ಶಾಲೆಯಲ್ಲಿ ಚಟುವಟಿಕೆಗಳ ಪಟ್ಟಿ ಉದ್ದ, ನಿಜ. ಆದರೆ ಪಟ್ಟಿ ಉದ್ದವಾದಷ್ಟು ಕೈಗಳಿಗೆ ಕೆಲಸ ಸಿಗುವುದಿಲ್ಲ. ಬಹುಮಂದಿ ಕೂತು ನೋಡುವವರಾಗುತ್ತಾರೆ. ಸಣ್ಣ ಶಾಲೆಯಲ್ಲಿ ಜನ ಸಾಲದೆ ಒಬ್ಬೊಬ್ಬ ಹುಡುಗ ನಾಲ್ಕಾರು ಕಡೆ ಜವಾಬ್ದಾರಿ ಹೊರುತ್ತಾನೆ. ಅದರಲ್ಲಿ ಇನ್ನೊಂದು ಮಾತು ನನಗೆ ಬಹಳ ಹಿಡಿಸಿತು. ಓದಿನಲ್ಲಿ ಹಿಂದಿದ್ದು ಶಾಲೆಯ ಅಂಚಿನಲ್ಲಿ ನಿಂತ ಮಕ್ಕಳಿಗೆ ದೊಡ್ಡ ಶಾಲೆಯಲ್ಲಿ ಯಾರ ಕರೆಯೂ ಮುಟ್ಟುತ್ತಿರಲಿಲ್ಲವಂತೆ. ಸಣ್ಣ ಶಾಲೆಯಲ್ಲಾದರೆ ಅಂಥವರಿಗೂ "ನಾನು ಹೋಗದಿದ್ದರೆ ನಡೆಯುವುದಿಲ್ಲ" ಎಂಬ ಭಾವನೆ ಇತ್ತಂತೆ. ಈ ಬಾರ್ಕರ್ ಮಹಾಶಯ ನಮ್ಮ ಯಾರ್ಕ್‌ಷೈರಿಗೂ ಬಂದು ವೆನ್ಸ್ಲಿಡೇಲಿನ ಲೇಬರ್ನ್ ಎಂಬ ಪುಟ್ಟ ಪೇಟೆಯಲ್ಲಿ ಅಲ್ಲಿಯ ಜನ ದಿನವಿಡೀ ಏನು ಮಾಡುತ್ತಾರೆಂದು ಗುರುತು ಹಾಕಿಕೊಂಡವನು. ಆತನ ಬರಹಗಳಲ್ಲಿ ಆ ಪೇಟೆಗೆ 'ಯೋರ್ಡೇಲ್' ಎಂದು ಕಟ್ಟುಹೆಸರು. ಹಿಂದೊಮ್ಮೆ ನಾವೆಲ್ಲ ಚೀಸು ಕೊಳ್ಳಲು ಆ ಕಣಿವೆಗೆ ಹೋಗಿದ್ದೆವಲ್ಲ, ಅದೇ.

ಹಾಗಾಗಿ ನಿನ್ನ ಮಾತಿನಲ್ಲಿ ತಪ್ಪಿಲ್ಲ. ಫುಲ್ನೆಕ್ಕಿನಲ್ಲಿ ನಿನ್ನ ಅಗತ್ಯವಿತ್ತು, ಹೊಸ ಶಾಲೆಯಲ್ಲಿ ಸದ್ಯಕ್ಕೆ ಇಲ್ಲ.

ಫುಲ್ನೆಕ್ಕಿನ ಬೇಸಿಗೆ ಮೇಳದ ದಿನ ನೆನಪಿದೆಯಾ? ಅಜ್ಜಿ ಕೋಡುಬಳೆ ಮಾಡುತ್ತೇನೆಂದು ಹೊರಟಳು. ಇಲ್ಲಿಯ ಎಷ್ಟೋ ಶಾಲೆಗಳ ಗೇಟಿನೊಳಗೆ ಕಡಲೆಕಾಯಿಗೆ ಪ್ರವೇಶವಿಲ್ಲ. ಅದರ ಬದಲು ಹುರಿಗಡಲೆ ಪುಡಿ ಹಾಕಿದಳು. ಆಮೇಲೆ ಎಳ್ಳಿನ ತಕರಾರು. ಕಾನೂನಿನ ಪಟ್ಟಿಯಲ್ಲಿರುವ ಹದಿನಾಲ್ಕು ಅಲರ್ಜಿ ಪದಾರ್ಥಗಳಲ್ಲಿ ಎಳ್ಳೂ ಒಂದು. ಎಳ್ಳು ಬಿಟ್ಟರೆ ಅದು ಕೋಡುಬಳೆಯೇ ಅಲ್ಲ ಎಂದು ಅಜ್ಜಿಯ ಹಟ. ಕಡೆಗೆ ನೀನು ಅಡುಗೆಮನೆಯ ಕಟ್ಟೆಯ ಮೇಲೆ ಕೂತು ಹಸಿರು ಸ್ಕೆಚ್ ಪೆನ್ನಿನಲ್ಲಿ ಒಂದೊಂದು ಪೊಟ್ಟಣಕ್ಕೂ 'ಎಳ್ಳು ಇದೆ' ಎಂದು ಇಂಗ್ಲಿಷಿನಲ್ಲಿ ಬರೆದೆ, ಪಕ್ಕದಲ್ಲೊಂದು ಖಾರದ ಮೆಣಸಿನಕಾಯಿಯ ಚಿತ್ರ. ಮರುದಿನ ಪಕ್ಕದ ಮೇಜಿನಲ್ಲಿ ನಿಂಬೆ ಕೇಕು ಮಾರುತ್ತಿದ್ದ ಮುದುಕಿಯೊಬ್ಬಳು ಒಂದು ಕೋಡುಬಳೆ ಕಚ್ಚಿದಳು, ಕೆಮ್ಮಿದಳು, ಕಣ್ಣೊರೆಸಿಕೊಂಡಳು, ಮತ್ತೆರಡು ಪೊಟ್ಟಣ ಕೊಂಡಳು. ಆಕೆಯ ಮೊಮ್ಮಕ್ಕಳು ಆ ಶಾಲೆ ಬಿಟ್ಟು ಎಷ್ಟೋ ವರ್ಷವಾಗಿತ್ತು. ಇನ್ನೂ ಯಾಕೆ ಬರುತ್ತೀರಿ ಎಂದು ಕೇಳಿದೆ. "ಟೊಂಬೋಲಾ ಚೀಟಿ ಸುತ್ತಲು ಯಾರೂ ಸಿಗುವುದಿಲ್ಲವಲ್ಲ," ಅಂದಳು. ಯಾರ್ಕ್‌ಷೈರಿನವರು ಪ್ರೀತಿಯನ್ನು ಇದಕ್ಕಿಂತ ಬಿಡಿಸಿ ಹೇಳುವವರಲ್ಲ.

ಇಷ್ಟೆಲ್ಲ ಜನ ಪ್ರೀತಿಸಿದ್ದರೂ ಶಾಲೆ ಯಾಕೆ ಮುಚ್ಚಿತು ಎಂದು ನೀನು ಮಾರ್ಚಿನಲ್ಲಿ, ಸುದ್ದಿ ಬಂದ ವಾರ, ಕೇಳಿದ್ದೆ. ಆಗ ಏನೋ ಹೇಳಿ ಸಮಾಧಾನ ಮಾಡಿದೆವು. ಈಗ ನೇರ ಹೇಳುತ್ತೇನೆ. ಮೇಳದ ಹಣದಿಂದ ವೇದಿಕೆಗೆ ದೀಪ ಬರುತ್ತದೆ, ಪ್ರವಾಸಕ್ಕೆ ಬಸ್ಸು ಬರುತ್ತದೆ. ಧರ್ಮಾರ್ಥ ಸಂಸ್ಥೆಗೆ ತೆರಿಗೆದಾರ ಒಂದು ಪೌಂಡು ಕೊಟ್ಟರೆ ಗಿಫ್ಟ್ ಏಡ್ ಎಂದು ಸರ್ಕಾರ ಅದಕ್ಕೆ 25 ಪೆನ್ಸ್ ಸೇರಿಸುತ್ತದೆ. ಆದರೆ ಉಪಾಧ್ಯಾಯರ ಸಂಬಳ, ಪಿಂಚಣಿ, ಮುನ್ನೂರು ವರ್ಷದತ್ತ ನಡೆದ ಕಟ್ಟಡದ ಮಾಡು, ಚಳಿಗಾಲದ ಗ್ಯಾಸು, ಇವು ಕೇಕಿನಿಂದ ನಡೆಯುವುದಿಲ್ಲ. ಮಕ್ಕಳ ಸಂಖ್ಯೆ ಇಳಿಯಿತು, ಖರ್ಚು ಏರಿತು. 2025ರ ಜನವರಿ 1ರಿಂದ ಖಾಸಗಿ ಶಾಲೆಗಳ ಶುಲ್ಕದ ಮೇಲೆ ಶೇಕಡಾ 20 ವ್ಯಾಟ್ ಬೇರೆ ಬಂತು. ಆ ತೆರಿಗೆಯ ಬಗ್ಗೆ ನಿನ್ನ ಅಪ್ಪ ಕೂಗಾಡಿದಷ್ಟು ನಾನು ಕೂಗಾಡಲಾರೆ. ಈ ದೇಶದಲ್ಲಿ ನೂರಕ್ಕೆ ಸುಮಾರು ಏಳು ಮಕ್ಕಳು ಮಾತ್ರ ಅಂಥ ಶಾಲೆಗಳಲ್ಲಿ ಓದುವುದು. ಉಳಿದವರ ಶಾಲೆಗಳಲ್ಲೂ ಮಾಡು ಸೋರುತ್ತದೆ. ನಾನೂ ನಿನ್ನ ಅಮ್ಮನನ್ನು ಅಂಥ ಸರ್ಕಾರಿ ಶಾಲೆಗೇ ಕಳಿಸಿದವನು.

ಅಗತ್ಯದ ಮಾತಿಗೇ ಮರಳಿದರೆ, ನಮ್ಮಪ್ಪನ ಕಥೆ ಕೇಳು. ಆತ ಶಿವಮೊಗ್ಗದಲ್ಲಿ ಹೈಸ್ಕೂಲು ಓದಿದ್ದು ವಾರಾನ್ನದ ಮೇಲೆ. ಸಾಗರದ ಕಡೆಯ ಬಡ ಹುಡುಗ, ಪೇಟೆಯಲ್ಲಿ ಹಾಸ್ಟೆಲ್ಲಿಗೆ ಕೊಡಲು ಕಾಸಿಲ್ಲ. ವಾರದ ಏಳು ದಿನಕ್ಕೆ ಏಳು ಮನೆ ಗೊತ್ತುಮಾಡಿಕೊಳ್ಳಬೇಕು, ಆಯಾ ದಿನ ಆಯಾ ಮನೆಯಲ್ಲಿ ಊಟ. ಸೋಮವಾರ ಪೋಸ್ಟ್‌ಮಾಸ್ಟರ ಮನೆ, ಮಂಗಳವಾರ ವಕೀಲರ ಮನೆ, ಹೀಗೆ. ಯಾವುದಾದರೂ ಮನೆಯಲ್ಲಿ ಸೂತಕ ಬಂದರೆ ಅವತ್ತು ಮಂಡಕ್ಕಿ. ಅಪ್ಪ ಇದನ್ನು ಹೇಳುವಾಗ ಹಸಿವಿನ ಮಾತು ಕಡಿಮೆ, ಗುರುವಾರದ ಮನೆಯ ಮಾತು ಹೆಚ್ಚು. ಅಲ್ಲೊಬ್ಬಳು ಮುದುಕಿ, ಕಣ್ಣು ಮಂಜು. ಬೊಂಬಾಯಿಯಲ್ಲಿದ್ದ ಮಗನ ಕಾಗದ ಓದಿ ಹೇಳಲು, ಜವಾಬು ಬರೆಯಲು ಆಕೆಗೆ ಈ ಹುಡುಗ ಬೇಕಿತ್ತು. ಗುರುವಾರ ಬಡಿಸುವಾಗ ಎರಡನೆಯ ಸಲ ತುಪ್ಪ ಬೀಳುತ್ತಿತ್ತಂತೆ. ಅವತ್ತೊಂದು ದಿನ ಅಪ್ಪನಿಗೆ ತಾನು ಉಣ್ಣಲು ಬಂದವನು ಅನ್ನಿಸುತ್ತಿರಲಿಲ್ಲ.

ಆ ಬಾಗಿಲುಗಳು ಎಲ್ಲ ಮಕ್ಕಳಿಗೂ ತೆರೆದಿರಲಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಜಾತಿ ನೋಡಿ ಎಲೆ ಹಾಕುತ್ತಿದ್ದರು. ಹೊರಗುಳಿದ ಮಕ್ಕಳಿಗಾಗಿ ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು 1892ರಲ್ಲಿ ಶಾಲೆ ತೆರೆದಾಗ ಅವರ ಜಾತಿಯವರೇ ಅವರನ್ನು ದೂರವಿಟ್ಟರು. ತುಮಕೂರಿನ ಸಿದ್ಧಗಂಗೆಯಲ್ಲಿ ಶಿವಕುಮಾರ ಸ್ವಾಮಿಗಳು ಜಾತಿ ಮತ ಕೇಳದೆ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ ಎರಡನ್ನೂ ಕೊಟ್ಟರು. ಊರು ಮಕ್ಕಳ ಬೆನ್ನಿಗೆ ನಿಲ್ಲುವುದೆಂದರೆ ಯಾವ ಮಕ್ಕಳ ಬೆನ್ನಿಗೆ ಎಂದು ಕೇಳುವುದು ನಮ್ಮಪ್ಪನಿಂದ ಕಲಿತ ಚಾಳಿ. ಆ ಪ್ರಶ್ನೆ ಪಡ್ಸಿಯಲ್ಲೂ ಬಿಡಲಿಲ್ಲ ನನ್ನನ್ನು.

ಪಡ್ಸಿ ಅಂದಕೂಡಲೇ ಒಂದು ನೆನಪಾಯಿತು. ಈ ತಿಂಗಳು ಕಷ್ಟದಲ್ಲಿರುವ ಮಕ್ಕಳಿಗಾಗಿ ಬಿಬಿಸಿ ಹಣ ಎತ್ತುವ ಚಿಲ್ಡ್ರನ್ ಇನ್ ನೀಡ್ ಬರುತ್ತದೆ, ದೇಶದ ಮಕ್ಕಳೆಲ್ಲ ಚುಕ್ಕೆ ಅಂಗಿ ತೊಟ್ಟು ಒಂದೊಂದು ಪೌಂಡು ಹಿಡಿದು ಶಾಲೆಗೆ ಹೋಗುತ್ತಾರೆ. ಕಣ್ಣಿಗೆ ಪಟ್ಟಿ ಕಟ್ಟಿದ ಅದರ ಗುರುತಿನ ಕರಡಿಯನ್ನು 1985ರಲ್ಲಿ ಬಿಬಿಸಿಗೆ ಬರೆದುಕೊಟ್ಟಾಕೆ ಜೊಆನಾ ಲೇನ್, ಅದಕ್ಕೆ ತನ್ನ ಹುಟ್ಟೂರಿನ ಹೆಸರನ್ನೇ ಇಟ್ಟಳು. ಹೊಸ ಶಾಲೆಯಲ್ಲಿ ಯಾರಿಗೂ ಇದು ಗೊತ್ತಿರಲಿಕ್ಕಿಲ್ಲ. ಡಿಸೆಂಬರಿನಲ್ಲಿ ಕಿತ್ತಳೆ ಹಣ್ಣಿಗೆ ಕೆಂಪು ಪಟ್ಟಿ ಸುತ್ತಿ ಮೋಂಬತ್ತಿ ನೆಡುವ ಕ್ರಿಸ್ಟಿಂಗಲ್ ಮಾಡುತ್ತಾರಲ್ಲ, ಅದರ ಮೂಲವೂ 1747ರಲ್ಲಿ ಜರ್ಮನಿಯ ಮೊರಾವಿಯನ್ನರು ಮಕ್ಕಳ ಕೈಗಿತ್ತ ಮೋಂಬತ್ತಿ. ಯಾರಾದರೂ ಕೇಳಿದರೆ ಹೇಳು. ಕೇಳದಿದ್ದರೂ ಹೇಳು, ನಮ್ಮ ಮನೆತನದ ಗುಣ ಅದು.

ಈಗ ಹೊಸ ಶಾಲೆಗೆ ಬರೋಣ. ಸಾವಿರಕ್ಕೂ ಹೆಚ್ಚು ಮಕ್ಕಳ ಶಾಲೆಯಲ್ಲಿ ನಾಯಕಿಯ ಪಾತ್ರಕ್ಕೆ ನಲವತ್ತು ಜನ ಸಾಲು ನಿಂತಿರುತ್ತಾರೆ. ಆ ಸಾಲಿಗೆ ಸೇರಬೇಡ. ಕೈ ಸಾಲದೆ ಒದ್ದಾಡುವ ಮೂಲೆಗಳು ದೊಡ್ಡ ಶಾಲೆಯಲ್ಲೂ ಇರುತ್ತವೆ. ಪಿಟೀಲು ಬಾರಿಸುವವರು ಬೇಕಾದಷ್ಟು, ವಯೊಲಾ ಬಾರಿಸುವವರಿಗೆ ಯಾವ ವಾದ್ಯವೃಂದವೂ ಕಾದಿರುತ್ತದೆ. ಕ್ರಿಕೆಟ್ ಆಡುವವರು ಇದ್ದಾರೆ, ಸ್ಕೋರು ಬರೆಯುವವರು ಇರುವುದಿಲ್ಲ. ನಾಟಕದಲ್ಲಿ ದೀಪ ಹಾಕುವವರು, ಪರದೆ ಎಳೆಯುವವರು, ಉಡುಗೆಗೆ ಗುಂಡಿ ಹೊಲಿಯುವವರು ಯಾವತ್ತೂ ಕಡಿಮೆ. ನಾನು ಬಣ್ಣದ ಕಾರ್ಖಾನೆಗೆ ಸೇರಿದಾಗ ರಾತ್ರಿ ಪಾಳಿಯ ತೂಕದ ಪುಸ್ತಕ ಬರೆಯಲು ಯಾರೂ ಒಪ್ಪುತ್ತಿರಲಿಲ್ಲ. ಒಪ್ಪಿಕೊಂಡೆ, ಆರು ತಿಂಗಳಲ್ಲಿ ಇಡೀ ಕಾರ್ಖಾನೆಗೆ ನನ್ನ ಹೆಸರು ಗೊತ್ತಾಯಿತು, ತಪ್ಪಾಗಿ ಉಚ್ಚರಿಸುತ್ತಿದ್ದರು, ಅದು ಬೇರೆ ಮಾತು.

ಡ್ಯೂಕ್ ಆಫ್ ಎಡಿನ್‌ಬರೊ ಪ್ರಶಸ್ತಿಗೆ ಶಾಲೆಯಲ್ಲಿ ಹೆಸರು ಬರೆದುಕೊಳ್ಳುತ್ತಾರೆಯೇ ವಿಚಾರಿಸು. 1956ರಿಂದ ನಡೆದು ಬಂದ ಪದ್ಧತಿ, ನಿನ್ನ ವಯಸ್ಸಿಗೆ ಕಂಚಿನದು. ಒಂದು ಆಟ, ಒಂದು ಕೌಶಲ, ಯಾರಿಗಾದರೂ ಒಂದಿಷ್ಟು ಸೇವೆ, ಕೊನೆಗೆ ಬೆನ್ನಿಗೆ ಡೇರೆ ಹೊತ್ತು ಎರಡು ದಿನದ ನಡಿಗೆ, ನಡುವೆ ಒಂದು ರಾತ್ರಿ ಬಯಲಲ್ಲಿ. ಆ ನಡಿಗೆ ನಾಲ್ಕರಿಂದ ಏಳು ಜನರ ತಂಡದಲ್ಲೇ ಆಗಬೇಕೆಂಬುದು ನಿಯಮ. ಅಂದರೆ ಸಾವಿರ ಮಕ್ಕಳ ಶಾಲೆಯೊಳಗೇ ಏಳು ಜನರ ಶಾಲೆ. ಒಬ್ಬಳ ಕೈಯಲ್ಲಿ ನಕಾಶೆ, ಒಬ್ಬಳ ಹತ್ತಿರ ಸ್ಟೋವು. ನೀನು ಬರದಿದ್ದರೆ ಉಳಿದವರಿಗೆ ಅನ್ನವಿಲ್ಲ.

ಅಷ್ಟರವರೆಗೆ ನಾವು ಕನ್ನಡದವರು ಇದ್ದೇವಲ್ಲ. ಇಡೀ ದೇಶಕ್ಕೆ ಕನ್ನಡ ಬಳಗ ಎಂಬುದೊಂದು ನಾಲ್ಕು ದಶಕಗಳಿಂದ ಇದೆ. ನಮ್ಮೂರಿನ ಗುಂಪು ಅದರ ಮುಂದೆ ಚೂರು. ಮೈಕು ಹಿಡಿದವನೇ ಬಿಸಿಬೇಳೆ ಬಾತಿನ ಪಾತ್ರೆ ತೊಳೆಯಬೇಕು. ಆರು ವರ್ಷದವಳಿದ್ದಾಗ ನಮ್ಮ ಪುಣ್ಯಕೋಟಿ ನಾಟಕದಲ್ಲಿ ನೀನು ಹುಲಿಯಾಗಿ ಬೆಟ್ಟದಿಂದ ಹಾರಿ ಸತ್ತು, ಪರದೆಯ ಹಿಂದೆ ಓಡಿ, ಮುಖವಾಡ ಕಿತ್ತು, ಕರುವಾಗಿ ಹೊರಗೆ ಬಂದಿದ್ದೆ, ಕೆನ್ನೆಯ ಮೇಲೆ ಹುಲಿಯ ಮೀಸೆ ಹಾಗೇ ಇತ್ತು. ಜನ ನಕ್ಕು ನಕ್ಕು ಸುಸ್ತಾದರು. ಬರ್ಮಿಂಗ್‌ಹ್ಯಾಮಿನಿಂದ ಬಂದಿದ್ದವರು ಈಗಲೂ ಮೀಸೆಯ ಕರು ಹೇಗಿದ್ದಾಳೆ ಎಂದು ಕೇಳುತ್ತಾರೆ.

29ನೇ ತಾರೀಖು ಶನಿವಾರ ನಮ್ಮ ಗುಂಪಿನ ರಾಜ್ಯೋತ್ಸವ. ಈ ಸಲವೂ ಪುಣ್ಯಕೋಟಿಯೇ, ಬೇರೆ ನಾಟಕ ಕಲಿಸುವಷ್ಟು ವ್ಯವಧಾನ ಯಾರಿಗೂ ಇಲ್ಲ. ಹುಲಿಗಳು ಇಬ್ಬರು ಸಿಕ್ಕಿದ್ದಾರೆ, ಇಬ್ಬರೂ ಐದು ವರ್ಷದವರು, ಜಗಳ ನಡೆದಿದೆ. ಪರದೆಯ ಹಿಂದೆ ನಿಂತು ಮಾತು ಹೇಳಿಕೊಡಲು ಯಾರೂ ಇಲ್ಲ. ಅಜ್ಜಿಯ ಮೊಣಕಾಲು ಈ ವರ್ಷ ಅಷ್ಟು ಹೊತ್ತು ನಿಲ್ಲಲು ಬಿಡುವುದಿಲ್ಲ. ನೀನು ಎರಡು ಗಂಟೆಗೆ ಬಾ, ಬರುವಾಗ ಸ್ಟೇಪ್ಲರ್ ತಾ, ಕರುವಿನ ಕಿವಿ ಕಿತ್ತುಹೋಗಿದೆ.

ಇಂತಿ ನಿನ್ನ
ಅಜ್ಜ