ಮಹಾವೀರಾಚಾರ್ಯರ ಒಂದು ಸಂಖ್ಯಾಮಾಲೆ

ನಮ್ಮ ಶಿರಸಿ ತಾಲ್ಲೂಕಿನ ಬನವಾಸಿಯು ರಾಷ್ಟ್ರಕೂಟರ ಆಳ್ವಿಕೆಗೆ ಸೇರಿದ್ದ ೯ನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದರು. ಒಂದರಿಂದ ಆರಕ್ಕೇರಿ ಮತ್ತೆ ಒಂದಕ್ಕಿಳಿಯುವ ೧೨೩೪೫೬೫೪೩೨೧ ಎಂಬ ಸಂಖ್ಯೆ ಅದರಲ್ಲಿದೆ.

ಇದು ೧೧೧೧೧೧ರ ವರ್ಗ. ಗುಣಾಕಾರವನ್ನು ಬರೆದು ನೋಡಿರಿ: ಆರು ಸಾಲುಗಳು ಒಂದೊಂದು ಸ್ಥಾನ ಎಡಕ್ಕೆ ಸರಿಯುತ್ತವೆ, ಮೇಲಿಂದ ಕೆಳಕ್ಕೆ ಒಂದುಗಳನ್ನು ಕೂಡಿದರೆ ಮಾಲೆ ಸಿದ್ಧ. ಒಂಬತ್ತು ಒಂದುಗಳ ವರ್ಗದವರೆಗೂ ಹೀಗೆಯೇ. ಹತ್ತು ಒಂದುಗಳನ್ನು ತೆಗೆದುಕೊಂಡರೆ ನಡುವಿನ ಮೊತ್ತ ಹತ್ತಾಗಿ, ದಶಕವು ಎಡಕ್ಕೆ ಹೋಗುತ್ತದೆ. ಉತ್ತರ ೧೨೩೪೫೬೭೯೦೦೯೮೭೬೫೪೩೨೧; ಮಾಲೆ ಹರಿಯಿತು!

ಒಂಬತ್ತು ಸಲ ಸರಿಬಂದುದು ಹತ್ತನೆಯ ಸಲ ತಪ್ಪಬಹುದು. ಆದುದರಿಂದ ಮಿತ್ರರೇ, ಕಣ್ಣಿಗೆ ಕಂಡ ಸೊಬಗನ್ನು ನಿಯಮವೆನ್ನುವ ಮೊದಲು ಅದರ ಕಾರಣವನ್ನು ಕೇಳೋಣ.