ಸುದ್ದಿಯೂ ದೇಣಿಗೆಯೂ

ಜಾಹೀರಾತಿಲ್ಲದೆ ಪತ್ರಿಕೆ ನಡೆಯದು; ದಾನಿಗಳಿಲ್ಲದೆ ನಮ್ಮ ವಾಚನಾಲಯವೂ ನಡೆಯದು. ಹಣ ಪಡೆಯುವುದು ತಪ್ಪಲ್ಲ. ಕೊಟ್ಟವರ ಸ್ತುತಿಯನ್ನು ಸುದ್ದಿಯೆಂದು ಅಚ್ಚುಮಾಡುವುದು, ಅವರಿಗೆ ಒಗ್ಗದ ಸುದ್ದಿಯನ್ನು ಅಡಗಿಸುವುದು ತಪ್ಪು.

ಈ ಮುಂಬಯಿಯಲ್ಲೇ 1860ರಲ್ಲಿ ಕರ್ಸನದಾಸ ಮೂಲಜಿಯವರು ‘ಸತ್ಯಪ್ರಕಾಶ’ವೆಂಬ ಗುಜರಾತಿ ಪತ್ರಿಕೆಯಲ್ಲಿ ತಮ್ಮ ಪಂಥದ ಗುರುಗಳ ದುರ್ನಡತೆಯನ್ನು ಬರೆದರು. ಊರಿನ ಸಿರಿವಂತ ವರ್ತಕರು ಅನೇಕರು ಆ ಗುರುಗಳ ಭಕ್ತರು. 50,000 ರೂಪಾಯಿಯ ಮಾನನಷ್ಟ ದಾವೆ ಬಿತ್ತು. 1862ರಲ್ಲಿ ಮೂಲಜಿಯವರೇ ಗೆದ್ದರು.

2009ರ ಮಹಾರಾಷ್ಟ್ರ ಚುನಾವಣೆಯಲ್ಲಿ ಇದಕ್ಕೆ ವಿರುದ್ಧವಾದುದು ಕಂಡಿತು. ಒಬ್ಬ ನಾಯಕರನ್ನು ಹೊಗಳುವ ಒಂದೇ ಲೇಖನ, ಅಕ್ಷರವೂ ಬದಲಾಗದೆ, ಪೈಪೋಟಿಯ ಮರಾಠಿ ಪತ್ರಿಕೆಗಳಲ್ಲಿ ಬೇರೆ ಬೇರೆ ಹೆಸರಿನಲ್ಲಿ ಬಂದಿತು. ಪಿ. ಸಾಯಿನಾಥರು ಅದನ್ನು ‘ದಿ ಹಿಂದೂ’ವಿನಲ್ಲಿ ಬಯಲಿಗೆಳೆದರು. ಹಣಕ್ಕಾಗಲಿ ಬೇರೆ ಪ್ರತಿಫಲಕ್ಕಾಗಲಿ ಪ್ರಕಟವಾಗುವ ಬರಹವೇ ‘ಕಾಸಿಗಾಗಿ ಸುದ್ದಿ’ ಎಂದು ಭಾರತೀಯ ಪತ್ರಿಕಾ ಮಂಡಳಿಯು 2010ರಲ್ಲಿ ವಿವರಿಸಿತು.

ವಾಚಕ ಬಂಧುಗಳೇ, ಓದುವಾಗ ನಾವು ಮೂರು ಪ್ರಶ್ನೆ ಕೇಳಿಕೊಳ್ಳೋಣ. ಬರೆದವರು ಯಾರು? ಎದುರು ಪಕ್ಷದ ಮಾತೂ ಇದೆಯೇ? ಹೊಗಳಿಸಿಕೊಂಡವರ ಜಾಹೀರಾತು ಅದೇ ಸಂಚಿಕೆಯಲ್ಲಿದೆಯೇ? ಅನುಮಾನ ಬಂದರೆ ಇನ್ನೊಂದು ಪತ್ರಿಕೆಯೊಡನೆ ತಾಳೆ ನೋಡೋಣ. ವಾಚನಾಲಯದ ಮೇಜಿನ ಮೇಲೆ ಹಲವು ಪತ್ರಿಕೆಗಳನ್ನಿಡುವುದು ಇದಕ್ಕಾಗಿಯೇ.

ಜಮೆಯನ್ನು ಖರ್ಚಿನಲ್ಲಿ ಬೆರೆಸಬಾರದೆಂದು ಗುಮಾಸ್ತರಾದ ನಮಗೆ ಗೊತ್ತು. ಹಾಗೆಯೇ ದಾನಿಯ ಹೆಸರು ಮೊತ್ತದೊಡನೆ ದೇಣಿಗೆಯ ಪಟ್ಟಿಯಲ್ಲಿರಲಿ. ಸುದ್ದಿಯ ಪುಟದಲ್ಲಿ ಸಾವಿರ ಕೊಟ್ಟವರಿಗೂ ಏನೂ ಕೊಡಲಾಗದವರಿಗೂ ಒಂದೇ ತಕ್ಕಡಿ. ನಮ್ಮ ಈ ಪತ್ರಿಕೆಗೂ ಅದೇ ನಿಯಮ.