ಪೊಟ್ಟಣದ ಮೇಲಿನ ಹೆಸರು ಓದಿ, ಆಮೇಲೆ ಒಲೆ ಹಚ್ಚಿ

ಓದಲೆಂದೋ ಕೆಲಸಕ್ಕೆಂದೋ ಮಲೇಷ್ಯಾದ ಸೈಬರ್‌ಜಯಾಕ್ಕೆ ಬಂದು ಮೊದಲ ಸಲ ಸ್ವಂತ ಅಡುಗೆಗೆ ಕೈಹಾಕಿರುವ ಮಕ್ಕಳೇ, 1997ರಲ್ಲಿ ತಲೆಯೆತ್ತಿದ ಈ ಹೊಸ ಊರಿನಲ್ಲಿ ತೆಂಗು, ಹುಣಸೆ, ಕರಿಬೇವು, ಬಾಳೆಲೆ ಯಾವುದಕ್ಕೂ ಬರವಿಲ್ಲ. ನಮ್ಮವರು ಎಡವುವುದು ಹೆಸರುಗಳಲ್ಲಿ.

• ಮೊದಲು ರಾಗಿಯ ವಿಷಯ. ಮಲಯ ಭಾಷೆಯಲ್ಲಿ ‘ರಾಗಿ’ ಎಂದರೆ ಈಸ್ಟ್. ಸೂಪರ್‌ಮಾರ್ಕೆಟ್‌ನಲ್ಲಿ ಹಾಗೆ ಕೇಳಿದರೆ ಅದನ್ನೇ ಕೊಟ್ಟಾರು. ಮುದ್ದೆಯ ಹಿಟ್ಟಿಗೆ ತಮಿಳರ ಅಂಗಡಿಗೆ ಹೋಗಿ ‘ಕೇಳ್ವರಗು ಮಾವು’ ಎನ್ನಿ. ಹತ್ತಿರದಲ್ಲಿ ಸಿಗದಿದ್ದರೆ ಪುತ್ರಜಯಾ ನಿಲ್ದಾಣದಲ್ಲಿ ರೈಲು ಹತ್ತಿ ಕೆಎಲ್ ಸೆಂಟ್ರಲ್‌ನಲ್ಲಿ ಇಳಿಯಿರಿ; ತಮಿಳರ ಅಂಗಡಿಗಳಿರುವ ಬ್ರಿಕ್‌ಫೀಲ್ಡ್ಸ್ ಬಡಾವಣೆ ಪಕ್ಕದಲ್ಲೇ ಇದೆ. ತಂದ ಹಿಟ್ಟನ್ನು ಫ್ರಿಜ್‌ನಲ್ಲಿಡಿ, ಈ ಸೆಕೆಗೆ ಬೇಗ ಹುಳ ಬೀಳುತ್ತದೆ.

• ‘ತೆಪುಂಗ್’ ಎಂದರೆ ಹಿಟ್ಟು. ತೆಪುಂಗ್ ಬೆರಾಸ್ ನಮ್ಮ ಅಕ್ಕಿಹಿಟ್ಟು, ತೆಪುಂಗ್ ಪುಲುತ್ ಅಂಟಕ್ಕಿಯದು. ನೋಡಲು ಎರಡೂ ಒಂದೇ ಬಿಳುಪು. ಪುಲುತ್‌ನಲ್ಲಿ ಅಕ್ಕಿರೊಟ್ಟಿ ತಟ್ಟಲು ಹೋದರೆ ಕೈಗೂ ಕಾವಲಿಗೂ ಮೆತ್ತಿಕೊಂಡು ಏಳುವುದೇ ಇಲ್ಲ. ತೆಪುಂಗ್ ಗಂದುಮ್ ಸಾಮಾನ್ಯವಾಗಿ ಮೈದಾ. ಒಬ್ಬಟ್ಟಿನ ಕಣಕಕ್ಕೆ ಸರಿ; ಚಪಾತಿಗೆ ‘ಆಟಾ’ ಎಂದು ಬರೆದಿರುವುದನ್ನೇ ಆರಿಸಿ.

• ಜಿಂತಾನ್ ಪುತಿಹ್ ಜೀರಿಗೆ, ಜಿಂತಾನ್ ಮಾನಿಸ್ ಸೋಂಪು. ಹಲ್ಬಾ ಮೆಂತ್ಯ, ಕೆತುಂಬಾರ್ ಕೊತ್ತಂಬರಿ, ಗಾರಂ ಉಪ್ಪು. ತಮಿಳರಲ್ಲಿ ವೆಂದಯಂ ಮೆಂತ್ಯ, ವೆಂಗಾಯಂ ಈರುಳ್ಳಿ.

• ಚಟ್ನಿಗೆ, ಹುಳಿಗೆ ‘ಕೆಲಾಪಾ ಪಾರುತ್’ ಕೇಳಿ, ಅದು ಕಾಯಿತುರಿ. ‘ಸಂತಾನ್’ ಕಾಯಿಹಾಲು, ಪಾಯಸಕ್ಕೆ ಚೆನ್ನ, ಆದರೆ ರುಬ್ಬಿದ ಕಾಯಿ ಕೊಡುವ ಮಂದ ಅದರಿಂದ ಬಾರದು. ಉಳಿದ ತುರಿ ಅದೇ ದಿನ ಫ್ರೀಜರ್‌ಗೆ ಹೋಗಲಿ.

• ಇಲ್ಲಿಯವರ ‘ತುಮಿಸ್’ ನಮ್ಮ ಒಗ್ಗರಣೆಯಲ್ಲ. ಅರೆದ ಮಸಾಲೆಯನ್ನು ಎಣ್ಣೆ ಬಿಡುವವರೆಗೆ ಬಾಡಿಸುವುದು ತುಮಿಸ್. ಅಡುಗೆ ಶುರುವಾಗುವುದೇ ಅಲ್ಲಿಂದ. ಸಾರಿಗೆ ನಾವು ಒಗ್ಗರಣೆ ಕೊಡುವುದು ಇಳಿಸುವ ಹೊತ್ತಿಗೆ. ಜತೆಯಲ್ಲಿರುವ ಗೆಳೆಯರಿಗೆ ಕಲಿಸುವಾಗ ‘ಒಗ್ಗರಣೆ’ ಎಂದೇ ಕಲಿಸಿ. ನೀವೂ ಹುರಿಯುವುದು, ಕರಿಯುವುದು, ಬಾಡಿಸುವುದು ಎಲ್ಲವನ್ನೂ ‘ಫ್ರೈ’ ಎಂದು ಒಂದೇ ಗಂಟಿಗೆ ಕಟ್ಟಬೇಡಿ. ಅಮ್ಮ ಫೋನಿನಲ್ಲಿ “ಮೆಂತ್ಯ ಹುರಿ, ಈರುಳ್ಳಿ ಬಾಡಿಸು” ಅಂದರೆ ಎಣ್ಣೆ ಎಷ್ಟು, ಉರಿ ಎಷ್ಟು ಎಂಬುದೆಲ್ಲ ಆ ಮಾತಿನಲ್ಲೇ ಇದೆ.

• ಸಸ್ಯಾಹಾರಿಗಳು ‘ಸಾಯುರ್’ ಅಂದರೆ ತರಕಾರಿ ಎಂದು ಸಮಾಧಾನಪಟ್ಟು ತಟ್ಟೆಗೆ ಕೈಯಿಡಬೇಡಿ. ಸೊಪ್ಪಿನ ಪಲ್ಯದಲ್ಲೂ ಒಣಸೀಗಡಿ ಇರಬಹುದು. ಸಂಬಾಲ್‌ನಲ್ಲಿ ಹೆಚ್ಚಾಗಿ ಬೆಲಾಚಾನ್, ಅಂದರೆ ಹುಳಿಬರಿಸಿದ ಸೀಗಡಿಯ ಮುದ್ದೆ ಇರುತ್ತದೆ. ಇಕಾನ್ (ಮೀನು), ಉದಾಂಗ್ (ಸೀಗಡಿ), ಬೆಲಾಚಾನ್ ಬೇಡವೆಂದು ಒಂದೊಂದನ್ನೂ ಹೆಸರಿಸಿ ಹೇಳಿ.

• ಊರಿನ ಮಿಕ್ಸಿ ಇಲ್ಲಿಯ ವಿದ್ಯುತ್ತಿಗೆ ಹೊಂದುತ್ತದೆ, ಪ್ಲಗ್ಗು ಮಾತ್ರ ಹೊಂದದು. ಇಲ್ಲಿಯದು ಮೂರು ಚಪ್ಪಟೆ ಕಡ್ಡಿಯದು. ಎಲೆಕ್ಟ್ರಿಷಿಯನ್ ಕೈಲಿ ಬದಲಾಯಿಸಿ. ಕುಟ್ಟಾಣಿ ಹೊತ್ತು ತರಬೇಡಿ, ‘ಲೆಸುಂಗ್ ಬಾತು’ ಎಂದರೆ ಇಲ್ಲೇ ಸಿಗುತ್ತದೆ.

• ದೋಸೆಹಿಟ್ಟಿಗೆ ಬೆಂಗಳೂರಿನ ಚಳಿಗಾಲದ ಲೆಕ್ಕ ಇಲ್ಲಿ ನಡೆಯದು. ರಾತ್ರಿ ಮಲಗುವ ಮುಂಚೆ ರುಬ್ಬಿ, ಪಾತ್ರೆಯಲ್ಲಿ ಅರ್ಧ ಜಾಗ ಬಿಡಿ, ಬೆಳಿಗ್ಗೆ ಎದ್ದ ಕೂಡಲೇ ಫ್ರಿಜ್‌ಗೆ ಸೇರಿಸಿ. ಉಪ್ಪು ಹೊಯ್ಯುವಾಗ ಹಾಕಿದರಾಯಿತು.